ಹೆಸರಿನ ಅಡಿಯ ಗುರುತು

ಇಳಕಲ್ಲಿನ ಪೇಟೆಯಲ್ಲಿ ಅಂದಾನಪ್ಪನ ಸೀರೆ ಅಂಗಡಿಗಿಂತ ದೊಡ್ಡ ಅಂಗಡಿಗಳಿದ್ದವು. ಅವನಿಗಿಂತ ಅಗ್ಗಕ್ಕೆ ಮಾರುವವರೂ ಇದ್ದರು. ಆದರೂ ಸುತ್ತಲಿನ ಹಳ್ಳಿಗಳ ಹೆಂಗಸರು ಬಸ್ಸಿಳಿದು ನೇರವಾಗಿ ಅವನ ಕಟ್ಟೆಯನ್ನೇ ಹತ್ತುತ್ತಿದ್ದರು. ಕಾರಣ ಒಂದೇ. ಒಮ್ಮೆ ಬಂದುಹೋದವಳು ಎಷ್ಟು ವರ್ಷ ಬಿಟ್ಟು ಬಂದರೂ ಅಂದಾನಪ್ಪ ಗಾದಿಯಿಂದ ತಲೆಯೆತ್ತಿ ಅವಳ ಹೆಸರು ಹಿಡಿದು ಕರೆಯುತ್ತಿದ್ದ; ಹಿರಿಯ ಮಗಳ ಬಾಣಂತನ ಹೇಗಾಯಿತೆಂದು ಕೇಳುತ್ತಿದ್ದ. ಗಂಡನ ಮನೆಯಲ್ಲಿ ಯಾರ ಬಾಯಿಂದಲೂ ತನ್ನ ಹೆಸರು ಕೇಳದ ಹೆಂಗಸಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಈ ವಿದ್ಯೆ ಹುಟ್ಟಿನಿಂದ ಬಂದದ್ದಲ್ಲ, ರೂಢಿಸಿಕೊಂಡದ್ದು ಎಂಬುದು ಮನೆಯಲ್ಲಿ ಸೊಸೆ ಬನಶಂಕರಿಗೆ ಮಾತ್ರ ತಿಳಿದಿತ್ತು. ಬಾದಾಮಿಯ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಗಂಡನ ಬಂಧುಗಳ ಹೆಸರುಗಳನ್ನು ಒಂದಕ್ಕೊಂದು ಬೆರೆಸಿ ಅತ್ತೆ ಸಂಗವ್ವನಿಂದ ದಿನವೂ ಬೈಸಿಕೊಳ್ಳುತ್ತಿದ್ದಳು. ಹಿತ್ತಲಲ್ಲಿ ಅವಳು ಕಣ್ಣೊರೆಸಿಕೊಳ್ಳುವುದನ್ನು ಒಮ್ಮೆ ಕಂಡ ಮಾವ ಹತ್ತಿರ ಬಂದು ಹೇಳಿದ:

"ಹೆಸರು ಆಮ್ಯಾಲೆ, ಮೊದಲ ಮುಖ. ಮುಖದಾಗ ಒಂದ ಗುರುತು ಹಿಡಿ. ಎರಡು ಹಿಡದಿ ಅಂದ್ರ ಎರಡೂ ಹೋಗ್ತಾವು. ಗುರುತು ಆದಷ್ಟು ಕೆಟ್ಟದಿರಲಿ. ಚಲೋ ಮೂಗು ಯಾರಿಗೂ ನೆನಪಿರೂದಿಲ್ಲ, ಸೊಟ್ಟ ಮೂಗು ಸಾಯೂತನಕ ಇರ್ತೈತಿ. ಆ ಗುರುತಿನ ಮ್ಯಾಲೆ ಹೆಸರು ತಂದು ಕುಂದ್ರಸು. ಕಣ್ಣು ಮುಚ್ಚಿ ಎರಡನ್ನೂ ಕೂಡಿಸಿ ನೋಡು. ಆತು, ಮುಗೀತು."

"ಅವರಿಗೆ ಗೊತ್ತಾದ್ರ ಏನಂತಾರ್ರಿ, ಮಾಮಾರ?"

"ಗೊತ್ತಾಗಬಾರದು. ಗುರುತು ತುಟಿಗೆ ಬರಬಾರದು ನೋಡವ್ವಾ. ಅದು ಬುನಾದಿ ಇದ್ದಂಗ. ಮನಿಗೆ ಬಂದವರಿಗೆ ಪಡಸಾಲಿ ತೋರಸ್ತೇವಿ, ಬುನಾದಿ ಅಗದು ತೋರಸ್ತೇವೇನು?"

ಬನಶಂಕರಿ ಕಲಿತಳು. ವರ್ಷ ತುಂಬುವುದರೊಳಗೆ ಬಳಗವೆಲ್ಲ ಅವಳ ಬಾಯಿಯಲ್ಲಿತ್ತು. ಅತ್ತೆಯ ಬೈಗುಳ ಬೇರೆ ವಿಷಯಗಳಿಗೆ ತಿರುಗಿತು.

ಎಪ್ಪತ್ತೊಂಬತ್ತನೆಯ ಇಸವಿಯ ದೀಪಾವಳಿಗೆ ಮುಂಚೆ ಆ ವಿದ್ಯೆ ಅಂದಾನಪ್ಪನ ಕೈಬಿಡತೊಡಗಿತು. ಬನಶಂಕರಿ ಮಧ್ಯಾಹ್ನದ ಬುತ್ತಿ ಕೊಡಲು ಅಂಗಡಿಗೆ ಹೋದ ದಿನ ಕಾಸಿಂಬಿ ಎಂಬ ಹಳೆಯ ಗಿರಾಕಿ ಕಟ್ಟೆ ಹತ್ತಿ ಬಂದಿದ್ದಳು. ಮಗಳ ನಿಕಾದ ಬಟ್ಟೆ ತೆಗೆಯಲು ಬಂದವಳು ಸೆರಗು ಸರಿಪಡಿಸಿಕೊಂಡು ನಗುತ್ತ ನಿಂತಳು. ಅಂದಾನಪ್ಪ ಅವಳನ್ನು ನೋಡಿದ. ನೋಡುತ್ತಲೇ ಇದ್ದ. ಕೈಯಲ್ಲಿದ್ದ ಸೀರೆಯ ಮಡಿಕೆ ಬಿಚ್ಚಿಕೊಂಡಿತು.

"ನನ್ನ ಮರತ್ರೇನ್ರಿ, ಸಾವಕಾರ್ರ?" ಎಂದಳು ಕಾಸಿಂಬಿ.

"ಇಲ್ಲ... ಬಾ ತಂಗಿ, ಕುಂದ್ರು."

"ತಂಗಿ ಅಂತ ರಸ್ತಾದಾಗ ಹೋಗಾಕಿಗೂ ಅಂತಾರ್ರಿ." ಅವಳು ನಗು ನಿಲ್ಲಿಸಿ ಕಟ್ಟೆ ಇಳಿದಳು. ಅಂಗಡಿಯ ಹಳೆಯ ಆಳು ರಾಜಮಹ್ಮದ ಹಿಂದೆಯೇ ಓಡಿದ. ಅವಳು ತಿರುಗಿ ನೋಡಲಿಲ್ಲ. ಎದುರಿನ ಅಂಗಡಿಗೆ ಹೋದಳು.

ಅಂದಿನ ಊಟದಲ್ಲಿ ಮಗ ಕಾಶಪ್ಪ, ಬನಶಂಕರಿಯ ಗಂಡ, ರೊಟ್ಟಿ ಮುರಿಯುತ್ತ ಹೇಳಿದ: "ಯಪ್ಪಾ, ನೀ ಇನ್ನ ಮನ್ಯಾಗ ಇರು. ಗಾದಿ ಮ್ಯಾಲೆ ನಾ ಕುಂದ್ರತೇನಿ. ನಾಯ್ಲಾನ್ ಸೀರಿ ತರಸ್ತೇನಿ. ಅವನ್ನ ಮಾರಾಕ ಹೆಸರು ಬೇಕಾಗಿಲ್ಲ."

"ನಿಮ್ಮಪ್ಪ ಕುಂತ ಗಾದಿ ಬಿಸಿ ಆರಿಲ್ಲ, ನಾಯ್ಲಾನ್ ತರಾಂವ ಬಂದ," ಎಂದಳು ಸಂಗವ್ವ.

ಅಂದಾನಪ್ಪ ಪುಂಡಿಪಲ್ಯವನ್ನು ಬೆರಳಿಂದ ಒಂದು ಕಡೆಗೆ ಒತ್ತುತ್ತ ಕುಳಿತಿದ್ದ. ಮರುವಾರ ಕಾಶಪ್ಪ ಅವನನ್ನು ಬಾಗಲಕೋಟೆಯ ಡಾಕ್ಟರರಿಗೆ ತೋರಿಸಿ ತಂದ. ಮೆದುಳಿಗೆ ರಕ್ತ ಸಾಲದಾಗಿದೆ, ಹೋದದ್ದು ಹೋಯಿತು, ಇದ್ದದ್ದನ್ನು ಕಾಯ್ದುಕೊಳ್ಳಿ ಎಂದು ಹೇಳಿ ಅವರು ಗುಳಿಗೆ ಬರೆದುಕೊಟ್ಟಿದ್ದರು.

ಇಷ್ಟೇ ಆಗಿದ್ದರೆ ಮನೆ ಹೇಗೋ ಸಂಭಾಳಿಸಿಕೊಂಡು ಹೋಗುತ್ತಿತ್ತು. ಆದರೆ ಮಗಳು ಗುರುಲಿಂಗವ್ವನ ಮದುವೆಯ ಮಾತು ಅದೇ ಹೊತ್ತಿಗೆ ಕೂಡಿಬಂದಿತ್ತು. ವರ ಅಂದಾನಪ್ಪನ ಹಳೆಯ ಪರಿಚಯದ ಹುನಗುಂದದ ಹತ್ತಿ ವ್ಯಾಪಾರಿ ಅಮಾತೆಪ್ಪನ ಮಗ. ಬಾಗಲಕೋಟೆಯ ಕಾಲೇಜೊಂದರಲ್ಲಿ ಗುಮಾಸ್ತ, ವಿದ್ಯಾಗಿರಿಯಲ್ಲಿ ಬಾಡಿಗೆಯ ಮನೆ. ಅಂದಾನಪ್ಪನೊಬ್ಬನನ್ನು ಬಿಟ್ಟು ಎರಡೂ ಮನೆಯವರು ಮಹಾಕೂಟದಲ್ಲಿ ಕೂಡಿದಾಗ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದ್ದರು. ಗುರುಲಿಂಗವ್ವ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ತಿರುಗಿ ಬಂದ ಮೇಲೆ ಹೆಸರುಕಾಳು ಆರಿಸುತ್ತ ಬನಶಂಕರಿಯನ್ನು ಕೇಳಿದ್ದಳು: "ವೈನಿ, ವಿದ್ಯಾಗಿರಿಯಿಂದ ಸಂತಿಗೆ ನಡಕೋತ ಹೋಗಬಹುದ?" ಅದಕ್ಕಿಂತ ಸ್ಪಷ್ಟವಾದ ಒಪ್ಪಿಗೆಯನ್ನು ಬನಶಂಕರಿ ಎಲ್ಲಿಯೂ ಕೇಳಿರಲಿಲ್ಲ. ಹುಡುಗಿಗೆ ವಯಸ್ಸು ಮೀರುತ್ತಿತ್ತು. ಹಿಂದೆ ಬಂದ ಎರಡು ಸಂಬಂಧಗಳು ಹಾಗೆಯೇ ಹೋಗಿದ್ದವು.

ಸಂಕ್ರಾಂತಿ ಹತ್ತಿರ ಬಂದಾಗ ನಡುವಿನ ಮನುಷ್ಯ ಹುಲ್ಲಪ್ಪ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು, ಬಸಿಯನ್ನು ನೆಲಕ್ಕಿಟ್ಟು, ಹೇಳಬೇಕಾದದ್ದನ್ನು ಹೇಳಿದ.

"ಹಬ್ಬ ಆದ ಮ್ಯಾಲೆ ಸಕ್ಕರಿ ಹಂಚಿ ಮಾತು ಗಟ್ಟಿ ಮಾಡಾಕ ಬರ್ತಾರ. ಆದರ ಅವರ ಕಿವಿಗೊಂದು ಮಾತು ಬಿದ್ದೈತಿ. ಅಂದಾನಪ್ಪನವರಿಗೆ ತಲಿ ಸರಿ ಇಲ್ಲಂತ. ನಾಳೆ ಮೊಮ್ಮಕ್ಕಳಿಗೆ ಬರಬಾರದಲ್ಲ, ಅದಕ್ಕ ಕೇಳ್ತಾರ. ನಮಗ ವರದಕ್ಷಿಣಿ ಬ್ಯಾಡ, ಬಂಗಾರ ಬ್ಯಾಡ. ಅಂದಾನಪ್ಪನವರು ಬಾಗಲದಾಗ ನಿಂತು ನಮ್ಮನ್ನ ಮೊದಲಿನಂಗ ಹೆಸರು ಹಿಡದು ಒಳಗ ಕರೀಲಿ, ಸಾಕು. ಅಷ್ಟ ಅಂದಾರ."

ಹುಲ್ಲಪ್ಪ ಹೋದ ಮೇಲೆ ಮನೆಯಲ್ಲಿ ಜಗಳ ಹತ್ತಿತು.

"ಜ್ವರ ಬಂದೈತಿ, ಮಲಗ್ಯಾನ ಅಂತ ಹೇಳೂನು," ಎಂದ ಕಾಶಪ್ಪ.

"ಜ್ವರ ಎಷ್ಟ ದಿನ ಬರಸ್ತಿ? ಮದುವಿ ಅಕ್ಕಿಕಾಳು ಬೀಳೂತನಕ?" ಸಂಗವ್ವ ಒಲೆಯಿಂದ ಕೊಳ್ಳಿಯನ್ನು ಹಿಂದಕ್ಕೆಳೆದಳು. "ಹಿರಿಯಾ ಒಳಗ ಬಚ್ಚಿಟ್ಟುಕೊಂಡ ಅಂದ್ರ ಅವರು ಅಂದದ್ದು ಖರೆ ಆಗ್ತೈತಿ."

"ಹಂಗಾರ ಹೊರಗ ಕುಂದ್ರಸು. ರಾಜಮಹ್ಮದನ್ನ ಕಂಡು ನೀವು ಯಾವೂರವರ್ರಿ ಅಂತ ಕೇಳ್ಯಾನ ಮೊನ್ನೆ. ಇವರಿಗೂ ಕೇಳಲಿ."

ಗುರುಲಿಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ. ಆದರೆ ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆಯೆದ್ದಿತ್ತು. ಬನಶಂಕರಿ ಅದನ್ನು ತೆಗೆದು ಬದಿಗಿಟ್ಟು ಹೇಳಿದಳು: "ಇಬ್ಬರ ಹೆಸರ ಅಲ್ಲೇನ್ರಿ? ಅಪ್ಪ, ಕಾಕಾ. ಬರೂತನಕ ನಾ ಮಾಮಾರಿಗೆ ಕಲಸ್ತೇನಿ."

"ನೀ ಏನ್ ಕಲಸ್ತಿ? ಅವಗ ಕಲಸಾಕ ಡಾಕ್ಟರಗ ಆಗಲಿಲ್ಲ," ಎಂದ ಕಾಶಪ್ಪ.

"ಅವರ ನನಗ ಕಲಿಸಿದ್ದನ್ನ ಕಲಸ್ತೇನ್ರಿ."

ಹುಲ್ಲಪ್ಪ ಮೊದಲೇ ತಂದುಕೊಟ್ಟಿದ್ದ ಫೋಟೋ ಒಂದಿತ್ತು. ವರನ ಎಡಬಲಕ್ಕೆ ಅವನ ತಂದೆ ಅಮಾತೆಪ್ಪ, ಚಿಕ್ಕಪ್ಪ ಮಹಾಂತಪ್ಪ. ಅಣ್ಣತಮ್ಮಂದಿರ ಮುಖ ಒಂದೇ ಅಚ್ಚಿನವು. ಮರುದಿನ ಮಾವನ ತಟ್ಟೆಯ ಮುಂದೆ ಅವಳು ಫೋಟೋ ಹಿಡಿದು, "ಇವರು ಹುನಗುಂದದ ಅಮಾತೆಪ್ಪನವರ್ರಿ," ಎಂದಳು. ಅಂದಾನಪ್ಪ ತಲೆಯಾಡಿಸಿದ. ಅವಳು ಎರಡನೆಯ ರೊಟ್ಟಿ ತರುವಷ್ಟರಲ್ಲಿ ಹೆಸರು ಹೋಗಿತ್ತು. ಮೂರು ದಿನ ಹೀಗೆಯೇ ನಡೆಯಿತು. ನಾಲ್ಕನೆಯ ದಿನ ಅವಳು ಹೆಸರು ಹೇಳುವುದನ್ನು ಬಿಟ್ಟು, "ಮುಖ ನೋಡ್ರಿ ಮಾಮಾರ, ಗುರುತು ಏನೈತಿ?" ಎಂದು ಕೇಳಿದಳು.

ಅಂದಾನಪ್ಪನ ಕಣ್ಣು ಬೆಳಗಿತು. ಅಮಾತೆಪ್ಪನ ರುಮಾಲಿನ ಕೆಳಗೆ ಬೆರಳಿಟ್ಟು, "ಹರಕ ಕಿವಿ," ಎಂದ.

ಫೋಟೋದಲ್ಲಿ ಕಿವಿ ಕಾಣುತ್ತಿರಲಿಲ್ಲ. ರುಮಾಲು ಆ ಕಿವಿಯ ಮೇಲೆ ಇಳಿದಿತ್ತು. ಅಮಾತೆಪ್ಪ ಯಾವಾಗಲೂ ಹಾಗೆಯೇ ಸುತ್ತುತ್ತಿದ್ದ. ಹಿಂದೆ ಹಿತ್ತಲಿನ ಗೋಡೆಯ ಪಾಲಿಗಾಗಿ ಅಣ್ಣತಮ್ಮಂದಿರು ಹೊಡೆದಾಡಿದಾಗ ಮಹಾಂತಪ್ಪ ಅಣ್ಣನ ಕಿವಿಯ ಮುರುವನ್ನು ಜಗ್ಗಿ ಕಿತ್ತಿದ್ದ. ಕಿವಿಯ ಹಾಲೆ ಸೀಳಿತ್ತು. ಮಠದಲ್ಲಿ ಹಿರಿಯರು ಇಬ್ಬರನ್ನೂ ಕೂಡಿಸಿ, ಆ ಮಾತನ್ನು ಇನ್ನು ಮುಂದೆ ಯಾರೂ ಎತ್ತಬಾರದೆಂದು ಕಟ್ಟು ಮಾಡಿದ್ದರು. ಹುನಗುಂದದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

"ಇವರು?" ಬನಶಂಕರಿ ಮಹಾಂತಪ್ಪನ ಮುಖದ ಮೇಲೆ ಬೆರಳಿಟ್ಟಳು.

"ಹರದಾಂವ."

ಹೆಸರುಗಳು ಅಳಿದಿದ್ದವು, ಅವುಗಳ ಅಡಿಯಲ್ಲಿದ್ದ ಗುರುತುಗಳು ಉಳಿದಿದ್ದವು. ಬನಶಂಕರಿಗೆ ದಾರಿ ಸಿಕ್ಕಿತು. ಅಂದಿನಿಂದ ಅವಳು ಗುರುತು, ಹೆಸರುಗಳನ್ನು ಮಗ್ಗಿಯಂತೆ ಹೇಳಿಸತೊಡಗಿದಳು. ಮುಂಜಾನೆ ಪೂಜೆಯಾದ ಮೇಲೆ, ಮಧ್ಯಾಹ್ನ ಊಟದಲ್ಲಿ, ಸಂಜೆ ದೀಪ ಹಚ್ಚುವಾಗ.

"ಹರಕ ಕಿವಿ ಯಾರು?"

"ಅಮಾತೆಪ್ಪ."

"ಹರದಾಂವ ಯಾರು?"

"ಮಹಾಂತಪ್ಪ."

ತಪ್ಪಿಲ್ಲದೆ ಹೇಳಿದ ದಿನ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಡುತ್ತಿದ್ದಳು. ಅಂದಾನಪ್ಪ ಅದನ್ನು ಬಾಯಿಗೆ ಹಾಕಿಕೊಂಡು, "ಇನ್ನೊಂದು ಕೇಳು," ಎನ್ನುತ್ತಿದ್ದ. ತಿಂಗಳುಗಳಿಂದ ಗೋಡೆಗೆ ಮುಖ ಮಾಡಿ ಕುಳಿತಿದ್ದವನು ಈಗ ಊಟದ ಹೊತ್ತಿಗೆ ಮೊದಲೇ ಬಂದು ಕೂಡುತ್ತಿದ್ದ.

ಸಂಗವ್ವ ಬಾಗಿಲಲ್ಲಿ ನಿಂತು ಒಮ್ಮೆ ಕೇಳಿಸಿಕೊಂಡಳು. "ಆ ಮಾತು ಇಷ್ಟು ಜೋರಾಗಿ ಅನಬಾರದು, ಬನಶಂಕರಿ. ಗ್ವಾಡಿ ಆಚಿಗೆ ಮಂದಿ ಅದಾರ."

"ಮೆಲ್ಲಕ ಅಂದ್ರ ಅವರಿಗೆ ಕೇಳ್ಸೂದಿಲ್ಲರಿ, ಅತ್ತಿ. ಹತ್ತ ದಿನ ಅಷ್ಟ."

ಸಂಗವ್ವನಿಗೂ ಹತ್ತೇ ದಿನದ ಪ್ರಶ್ನೆ. ಅವಳು ಬಾಗಿಲನ್ನು ಮುಂದಕ್ಕೆ ಮಾಡಿ ಒಳಗೆ ಹೋದಳು. ಅಂದಾನಪ್ಪ ಜೀವಮಾನವೆಲ್ಲ ತುಟಿಯಾಚೆ ಬಿಡದೆ ಕಾಯ್ದದ್ದನ್ನು ತಾನು ದಿನಕ್ಕೆ ಮೂರು ಹೊತ್ತು ಅವನ ನಾಲಗೆಯ ಮೇಲೆ ತರಿಸುತ್ತಿದ್ದೇನೆಂದು ಬನಶಂಕರಿಗೆ ಹೊಳೆಯಲಿಲ್ಲ. ಉತ್ತರ ಸರಿ ಬರುತ್ತಿತ್ತು. ಉತ್ತರ ಸರಿ ಬರುವಾಗ ಯಾರೂ ರೀತಿಯನ್ನು ಪರೀಕ್ಷಿಸುವುದಿಲ್ಲ.

ಅವರು ಬಂದದ್ದು ಸಂಕ್ರಾಂತಿ ಕಳೆದ ಸೋಮವಾರ. ಮನೆಯನ್ನು ಸಾರಿಸಿದ್ದರು. ಶಿರಾ, ಉಪ್ಪಿಟ್ಟು ಆಗಿದ್ದವು. ಹಿತ್ತಾಳೆಯ ಪರಾತದಲ್ಲಿ ಸಕ್ಕರೆ ತುಂಬಿ ಮೇಲೆ ಕುಪ್ಪಸದ ಕಣ ಮುಚ್ಚಿಟ್ಟಿದ್ದರು. ಗುರುಲಿಂಗವ್ವ ಟೋಪ ಸೆರಗಿನ ಹೊಸ ಸೀರೆಯುಟ್ಟು ಅಡಿಗೆಮನೆಯಲ್ಲಿ ಗೋಡೆಗೊರಗಿ ಕುಳಿತಿದ್ದಳು. ಅಂದಾನಪ್ಪನಿಗೆ ಕಾಶಪ್ಪನೇ ಧೋತರ ಉಡಿಸಿ, ವಿಭೂತಿ ಹಚ್ಚಿ, ಬಾಗಿಲ ಬಳಿ ನಿಲ್ಲಿಸಿದ್ದ. ಬನಶಂಕರಿ ಕಾಲಿಗೆ ನೀರು ಕೊಡುವ ತಂಬಿಗೆ ಹಿಡಿದು ಪಕ್ಕದಲ್ಲಿ ನಿಂತಳು.

ಅಮಾತೆಪ್ಪ ಕಟ್ಟೆ ಹತ್ತಿ ನಿಂತ. ಅಂದಾನಪ್ಪ ಅವನ ಮುಖವನ್ನು ನೋಡಿದ. ತುಟಿ ಸದ್ದಿಲ್ಲದೆ ಅಲುಗಿತು.

"ಬರ್ರಿ, ಅಮಾತೆಪ್ಪನವರ."

ಅಂದಾನಪ್ಪ ಹಿಂದಿನವನ ಕಡೆಗೆ ತಿರುಗಿದ. "ಬರ್ರಿ, ಮಹಾಂತಪ್ಪನವರ. ಶರಣು ಶರಣಾರ್ಥಿ."

ಹುಲ್ಲಪ್ಪ ಹುಬ್ಬೇರಿಸಿ ಬೀಗರ ಕಡೆಗೆ ನೋಡಿದ. ಎಲ್ಲರೂ ಒಳಗೆ ಬಂದರು. ಬೆಲ್ಲ ನೀರು ಆಯಿತು, ಉಪ್ಪಿಟ್ಟು ಆಯಿತು, ಚಹಾ ಬಂತು. ಅಮಾತೆಪ್ಪ ಹಗುರಾದವನಂತೆ ಗೋಡೆಗೆ ಒರಗಿ ಕುಳಿತ. ಅವನಿಗೆ ಈ ಮನೆಯ ಮೇಲೆ ಪ್ರೀತಿಯಿತ್ತು; ಹೆದರಿಕೆ ಸುಳ್ಳಾದದ್ದು ಸಂತೋಷವಾಗಿತ್ತು. ಆ ಸಂತೋಷದಲ್ಲಿಯೇ ಕೇಳಿದ:

"ಭೇಟಿಯಾಗಿ ಎಷ್ಟು ವರ್ಷ ಆತು, ಅಂದಾನಪ್ಪನವರ. ಅದ್ಹೆಂಗ ನೆನಪ ಇಟಗೋತೀರಿ ನೀವು?"

ಕೇಳಿದ್ದು ಪ್ರಶ್ನೆ. ಇಷ್ಟು ದಿನಗಳಿಂದ ಅಂದಾನಪ್ಪ ಪ್ರಶ್ನೆಗೆ ಉತ್ತರ ಕೊಡುವುದನ್ನೇ ಕಲಿತಿದ್ದ. ಅವನು ನೆಟ್ಟಗೆ ಕುಳಿತು, ಶಾಲೆಯ ಹುಡುಗನಂತೆ ಕೈಕಟ್ಟಿ, ಗಟ್ಟಿ ದನಿಯಲ್ಲಿ ಹೇಳಿದ:

"ಹರಕ ಕಿವಿ ಯಾರು? ಅಮಾತೆಪ್ಪ. ಹರದಾಂವ ಯಾರು? ಮಹಾಂತಪ್ಪ."

ಹೇಳಿ ಮುಗಿಸಿ, ಬಾಗಿಲ ಬಳಿ ಚಹಾದ ತಾಟು ಹಿಡಿದು ನಿಂತ ಬನಶಂಕರಿಯ ಕಡೆಗೆ ತಿರುಗಿ, ಬೆಲ್ಲಕ್ಕಾಗಿ ಅಂಗೈ ಚಾಚಿದ.

ಚಾಚಿದ ಕೈ ಚಾಚಿಯೇ ಇತ್ತು. "ಸರಿ ಐತಿಲ್ಲ, ಬನಶಂಕರಿ?" ಎಂದು ಅವನು ಕೇಳಿದ. ಅಷ್ಟು ದಿನಗಳಲ್ಲಿ ಅವಳ ಹೆಸರು ಅವನ ಬಾಯಿಗೆ ಬಂದದ್ದು ಅಂದೇ ಮೊದಲು.

ಮಹಾಂತಪ್ಪ ಮೊದಲು ಎದ್ದ. ಅಣ್ಣನ ಮುಖವನ್ನು ನೋಡದೆ ಹೊರಗೆ ನಡೆದು ಚಪ್ಪಲಿ ಮೆಟ್ಟಿದ. ಅಮಾತೆಪ್ಪ ಬಸಿಯನ್ನು ನೆಲಕ್ಕಿಟ್ಟು ರುಮಾಲನ್ನು ಕಿವಿಯ ಮೇಲೆ ಇನ್ನಷ್ಟು ಜಗ್ಗಿಕೊಂಡ. ಸಂಗವ್ವ ಅಡ್ಡ ನಿಂತು ಸೆರಗೊಡ್ಡಿದಳು. "ಅವರಿಗೆ ಅರಿವಿಲ್ರಿ, ಅಣ್ಣಾರ. ತಲಿ ಹೋಗೈತಿ. ಹೊಟ್ಟ್ಯಾಗ ಹಾಕೊಳ್ರಿ."

"ತಲಿ ಹೋದಾಂವ ಏನರ ಅಂದಿದ್ರ ಹೊಟ್ಟ್ಯಾಗ ಹಾಕೋತಿದ್ದೆ, ತಂಗಿ," ಎಂದ ಅಮಾತೆಪ್ಪ. ದನಿ ಏರಿರಲಿಲ್ಲ. "ಇದು ಬಾಯಿಪಾಠ. ಯಾರೋ ಕಲಿಸ್ಯಾರ. ನಿಮ್ಮ ಮನ್ಯಾಗ ದಿನಾ ನಮ್ಮ ಮ್ಯಾಲೆ ಈ ಪಾಠ ನಡದೈತಿ ಅಂದಂಗಾತು. ಈ ಮನಿ ಹುಡಿಗಿ ನಾಳೆ ನನಗ ಅನ್ನಾ ನೀಡುವಾಗ ನನ್ನ ಎಲ್ಲಿ ನೋಡ್ತಾಳ?"

ಅವರು ಹೋದರು. ಪರಾತದ ಮೇಲಿನ ಕಣವನ್ನು ತೆಗೆಯಬೇಕಾಗಲಿಲ್ಲ.

ಅಂದು ಸಂಜೆ ಕಾಶಪ್ಪ ಬನಶಂಕರಿಯನ್ನು ಅಡಿಗೆಮನೆಯ ನಡುವೆ ನಿಲ್ಲಿಸಿ ಬೈದ. "ಹುಚ್ಚಗ ಕಲಸಾಕ ಹೋಗಿ ಮನಿ ಮಾನ ಕಳದಿ. ಜ್ವರ ಅಂತ ಹೇಳೂನು ಅಂದೆ. ಯಾರ ಕೇಳಿದ್ರು ನನ್ನ ಮಾತು?"

"ಆಕಿಗೇನು ಬೈತಿ? ನಾನೂ ಕೇಳೇನಿ, ನೀನೂ ಕೇಳಿದಿ, ಎಲ್ಲಾರೂ ಕೇಳೇವಿ," ಎಂದಳು ಸಂಗವ್ವ. ಮರುಕ್ಷಣವೇ ಸೊಸೆಯ ಕಡೆಗೆ ತಿರುಗಿ, "ಇನ್ನ ಮ್ಯಾಲೆ ನೀ ಅವರ ತಟ್ಟಿ ಮುಟ್ಟಬ್ಯಾಡ. ಗುರುಲಿಂಗವ್ವ ನೀಡ್ಲಿ," ಎಂದಳು.

ಗುರುಲಿಂಗವ್ವ ಸೀರೆ ಬದಲಿಸಿ ಬಂದು ಒಲೆಯ ಮುಂದೆ ಕುಳಿತಿದ್ದಳು. ಬನಶಂಕರಿ ಅವಳ ಬಳಿ ಕೂತು ಹಿಟ್ಟಿನ ಬುಟ್ಟಿಗೆ ಕೈಹಾಕಿದಾಗ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಿನ್ನ ಸಲುವಾಗಿ ಮಾಡಿದೆನವ್ವಾ, ಗುರುಲಿಂಗವ್ವ."

"ಗೊತ್ತೈತಿ, ವೈನಿ. ಅದಕ್ಕ ನಾ ಏನೂ ಅನ್ನಾಕತ್ತಿಲ್ಲ." ಮತ್ತೆ ಆ ವಿಷಯವನ್ನು ಅವಳು ಎತ್ತಲಿಲ್ಲ.

ಮಹಾಶಿವರಾತ್ರಿಯ ಹೊತ್ತಿಗೆ ವರನಿಗೆ ಬೇವೂರಿನ ಹೆಣ್ಣು ಗೊತ್ತಾಯಿತೆಂದು ಹುಲ್ಲಪ್ಪ ಬಾಗಿಲಲ್ಲಿಯೇ ನಿಂತು ಹೇಳಿ ಹೋದ. ಪಾಠ ನಿಂತ ಮೇಲೆ ಅಂದಾನಪ್ಪನಿಂದ ಉಳಿದ ಹೆಸರುಗಳೂ ಹೋದವು. ಗುರುತುಗಳು ಮಾತ್ರ ಈಗ ಕಾವಲಿಲ್ಲದೆ ಬಾಯಿಗೆ ಬರುತ್ತಿದ್ದವು. ರಾಜಮಹ್ಮದ ಬಂದರೆ "ಬಾ, ಮೆಳ್ಳಗಣ್ಣ," ಎನ್ನುತ್ತಿದ್ದ. ರಾಜಮಹ್ಮದ ಹೊರಗೆ ಹೋಗಿ ಕಣ್ಣೊರೆಸಿಕೊಂಡು, ನಕ್ಕು, ಮತ್ತೆ ಒಳಗೆ ಬರುತ್ತಿದ್ದ. ಸಂಗವ್ವ "ಹುಬ್ಬು ಕೂಡಿದಾಕಿ". ಮದುವೆಯ ದಿನ ಅಂತರಪಟ ಸರಿದಾಗ ಹಿಡಿದ ಗುರುತು ಅದು. ಬನಶಂಕರಿ "ಅಡ್ಡ ಹಲ್ಲು". ಅವಳು ದೂರದಿಂದ ಹಾದುಹೋದರೂ ಅವನು ಗುರುತಿಸಿ ಅಂಗೈ ಚಾಚುತ್ತಿದ್ದ. ಹೊರಗಿನಿಂದ ಬಂದವರೆಲ್ಲ ಅವನ ಪಾಲಿಗೆ ಹೀಗೆ ಉಳಿದಿದ್ದರು.

ಉಳಿಯದವರು ಯಾರೆಂದು ಮನೆಗೆ ತಿಳಿದದ್ದು ಒಂದು ಮಧ್ಯಾಹ್ನ. ಗುರುಲಿಂಗವ್ವ ತಂದೆಯ ತಟ್ಟೆಗೆ ರೊಟ್ಟಿ, ಶೇಂಗಾ ಚಟ್ನಿ ನೀಡಿ ಎದುರಿಗೆ ಕುಳಿತಿದ್ದಳು. ಅಂದಾನಪ್ಪ ಅವಳ ಮುಖವನ್ನು ಗಿರಾಕಿಯನ್ನು ನೋಡುವಂತೆ ನೋಡಿದ. ಗುರುತು ಹುಡುಕುತ್ತಿದ್ದಾನೆಂದು ಅಡಿಗೆಮನೆಯ ಬಾಗಿಲಲ್ಲಿದ್ದ ಬನಶಂಕರಿಗೆ ತಿಳಿಯಿತು. ಸಿಗಲಿಲ್ಲ. ತನ್ನ ಮನೆಯಲ್ಲಿ ಹುಟ್ಟಿದ ಮಕ್ಕಳ ಮುಖದಲ್ಲಿ ಅವನು ಎಂದೂ ಗುರುತು ಹಿಡಿದಿರಲಿಲ್ಲ. ಹಿಡಿಯುವ ಅಗತ್ಯ ಬಿದ್ದಿರಲಿಲ್ಲ.

"ನೀ ಯಾರ ಮಗಳವ್ವಾ?" ಎಂದು ಅವನು ಕೇಳಿದ.

ಗುರುಲಿಂಗವ್ವನ ಕೈ ಪಲ್ಯದ ಬೋಗುಣಿಯ ಮೇಲೆ ನಿಂತಿತು. ಅವಳು ಹೇಳಿದಳು: "ಅಂದಾನಪ್ಪನವರ ಮಗಳ್ರಿ."

"ಯಾವ ಅಂದಾನಪ್ಪ?"

"ಇಳಕಲ್ಲ ಅಂದಾನಪ್ಪ. ಸೀರಿ ಅಂಗಡಿ."

"ಭಾಳ ಕೇಳಿದ ಹೆಸರು." ಅವನು ಹಣೆ ಗಂಟಿಕ್ಕಿ ಯೋಚಿಸಿದ. "ಮುಖ ಮಾತ್ರ ಕಣ್ಣಿಗೆ ಬರವಲ್ದು."

ಬನಶಂಕರಿಗೆ ತಡೆಯಲಾಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದಳು. "ಮಾಮಾರ, ಈಕಿ ಮುಖ ನೋಡ್ರಿ. ಗಲ್ಲದ ಮ್ಯಾಲೆ..."

"ಬ್ಯಾಡ, ವೈನಿ," ಎಂದಳು ಗುರುಲಿಂಗವ್ವ, ತಿರುಗದೆ. "ನನಗ ಗುರುತು ಹಚ್ಚಬ್ಯಾಡ."

ಬನಶಂಕರಿ ನಿಂತಲ್ಲಿಯೇ ನಿಂತಳು. ಗುರುಲಿಂಗವ್ವ ಪಲ್ಯ ನೀಡಿದಳು, ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಸಿ ಮುಂದಿಟ್ಟಳು. ಅಂದಾನಪ್ಪ ಪೂರ್ತಿ ಉಂಡ. ಕೈತೊಳೆಯಲು ಅವಳು ನೀರು ಹಾಕುವಾಗ ಅವನು ಪರಸ್ಥಳದಲ್ಲಿ ಊಟ ಮಾಡಿದವನ ಸೌಜನ್ಯದಿಂದ ತಲೆಬಾಗಿಸಿ ಹೇಳಿದ:

"ಚಲೋ ನೀಡಿದಿ, ತಂಗಿ. ನಿಮ್ಮಪ್ಪಗ ನಾ ಕೇಳೇನಂತ ಹೇಳು."

"ಹೇಳ್ತೇನ್ರಿ," ಎಂದು ಗುರುಲಿಂಗವ್ವ ತಟ್ಟೆಯನ್ನೆತ್ತಿಕೊಂಡು ಹಿತ್ತಲಿಗೆ ಹೋದಳು.